ಹಬೆಯೂರಿಗೆ ದಾರಿ ಹೇಳಿದವನು

"ದೂರ ಸರೀರಿ! ಟೀಚರಮ್ಮಾ, ನಿಮಗ ಹೇಳೋದು!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ರಸ್ತೆ ರೋಲರಿನ ಪಕ್ಕೆಯಿಂದ ಬಿಳಿಯ ಹಬೆ ಬುಸ್ಸೆಂದು ಚಿಮ್ಮಿತು. ಯಾರೋ ಚನ್ನವೀರಮ್ಮನ ಕೊಡೆಯ ತುದಿ ಹಿಡಿದು ಹಿಂದಕ್ಕೆಳೆದರು.

ಥಟ್ಟನೆ ಮುಚ್ಚಿದ್ದ ಕಣ್ಣು ತೆರೆದಾಗ ಎದುರಿಗೆ, ಕೊಡೆ ಎಳೆದವನ ಮಸಿ ಮೆತ್ತಿದ ಮುಖ. ಕಣ್ಣುಗಳಲ್ಲಿ ಸಿಟ್ಟು ಉರಿಯುತ್ತಿತ್ತು.

"ಸುಟ್ಟುಕೊಂಡು ಸಾಯಾಕ ಬಂದೀರೇನ್ರೀ?"

"ಇಲ್ರೀ... ಕಥಿ ಬರಿಯಾಕ."

ಸಿಟ್ಟು ಇದ್ದಕ್ಕಿದ್ದಂತೆ ನಗೆಯಾಯಿತು. ಅವನು ಎರ್ರಿಸ್ವಾಮಿ. ಬಳ್ಳಾರಿಯ ಕೌಲ್ ಬಜಾರಿನವನು. ಕುರುಗೋಡಿನಲ್ಲಿ ನಡೆಯುತ್ತಿದ್ದ ರಸ್ತೆ ಕೆಲಸಕ್ಕೆ ಆ ಹಳೆಯ ಹಬೆ ರೋಲರನ್ನು ತಂದಿದ್ದ. ಡೀಸೆಲ್ ರೋಲರುಗಳು ಬಂದು ಇಂಥವು ಮೂಲೆ ಸೇರುತ್ತಿದ್ದ ಎಪ್ಪತ್ತರ ದಶಕದ ಆರಂಭವದು.

ಚನ್ನವೀರಮ್ಮನದು ದಣಿದ ಬದುಕು. ನಸುಕಿನಲ್ಲಿ ಕಾಲುವೆಯಿಂದ ನೀರು ಹೊರಬೇಕು. ಅಣ್ಣನ ಮನೆಯ ಅಡುಗೆ ಮುಗಿಸಿ ಶಾಲೆಗೆ ಓಡಬೇಕು. ಸಂಜೆ ಅತ್ತಿಗೆಯ ಕೂಸಿನ ತೊಟ್ಟಿಲು ತೂಗಬೇಕು. ಇಪ್ಪತ್ತೆಂಟು ತುಂಬಿದ್ದರೂ ಅವಳ ಮದುವೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅವಳದೆನ್ನುವುದು ಒಂದೇ ಇತ್ತು, ಬರವಣಿಗೆ! ವಾರಪತ್ರಿಕೆಯ ಸಂಪಾದಕರು ಹೊಸ ಬಗೆಯ ಧಾರಾವಾಹಿ ಕೇಳಿದ್ದರು. ಅವಳು ಒಂದು ಊರನ್ನು ಊಹಿಸಿದ್ದಳು. ಹೆಸರು ಹಬೆಯೂರು.

"ಕರೆಂಟ್ ಇಲ್ಲದ ಊರು ಅದು. ಎಲ್ಲಾನೂ ಹಬಿ ಮ್ಯಾಲೆ ನಡೀಬೇಕು. ಆದ್ರ ಎಲ್ಲಿಂದ ಶುರು ಮಾಡ್ಲಿ ಅಂತನ ತಿಳಿವಲ್ದು..."

ಎರ್ರಿಸ್ವಾಮಿ ಅವಳ ನಿದ್ದೆಗೆಟ್ಟ ಕಣ್ಣುಗಳನ್ನು ಒಂದು ಕ್ಷಣ ನೋಡಿದ.

"ನಮ್ಮಜ್ಜ ಹಿಂದಕ ಹಬಿ ಕಾರ್ಖಾನಿಯಾಗ ಇದ್ದ. ಆ ಕಾರ್ಖಾನಿ ಊರಾಗ ಇಂಥವು ಭಾಳ ಇದ್ದುವಂತ ಹೇಳ್ತಿದ್ದ. ನಾಳೆ ಬರ್ರಿ."

ಅವಳು ಮರುದಿನ ಹೋದಳು. ಮತ್ತೆ ಮತ್ತೆ ಹೋದಳು. ರೋಲರ್ ಜಲ್ಲಿಯ ಮೇಲೆ ತೆವಳುತ್ತಿತ್ತು. ಶಾಲೆ ಬಿಟ್ಟ ಮೇಲೆ ಅದರ ಪಕ್ಕದಲ್ಲಿ ಅವಳು ನಡೆಯುತ್ತಿದ್ದಳು.

"ಅಲ್ಲಿ ನೀರು ಹೊರೋರು ಯಾರು?"

"ಹಬಿನ ಮನಿಮನಿಗೆ ನೀರು ದಬ್ಬತಿತ್ತಂತ."

"ಕೂಸಿನ ತೊಟ್ಲಾ?"

"ಅದನ್ನೂ ಹಬಿನ ತೂಗ್ತಿತ್ತಂತ. ಕೊಳವಿಯಾಗ ಜೋಗುಳದಂಗ ಸಿಳ್ಳಿ ಬ್ಯಾರೆ!"

"ಅಡಿಗಿ?"

"ಅದೂ ಹಬಿನ. ಹೆಣ್ಮಕ್ಕಳು ಕಟ್ಟಿ ಮ್ಯಾಲೆ ಕುಂತು ಕಥಿ ಬರೀತಿದ್ರಂತ."

ಅವಳು ನಕ್ಕಳು. ನಗುವುದನ್ನು ತಾನು ಮರೆತಿಲ್ಲವೆಂಬುದು ಅವಳಿಗೇ ಆಶ್ಚರ್ಯವಾಯಿತು!

ಮೊದಲ ಕಂತುಗಳು ಅಚ್ಚಾದವು. 'ಬಳ್ಳಾರಿಯ ಹಿರಿಯರೊಬ್ಬರ ನಿಜವಾದ ನೆನಪುಗಳಿಂದ' ಎಂದು ಅವಳೇ ಬರೆದು ಕೊಟ್ಟ ಸಾಲೂ ಮೇಲ್ಗಡೆ ಅಚ್ಚಾಯಿತು. ಓದುಗರು ಮೆಚ್ಚಿದರು. ಸಂಪಾದಕರು ಅಜ್ಜನ ಭಾವಚಿತ್ರ ಕೇಳಿದರು.

ಭಾವಚಿತ್ರ ಕೇಳಲು ಹೋದ ದಿನ ಎರ್ರಿಸ್ವಾಮಿ ನೀರು ತರಲು ಹೋಗಿದ್ದ. ಕೆಲಸ ನೋಡಿಕೊಳ್ಳುವ ಮೇಸ್ತ್ರಿ ತಿಪ್ಪೇರುದ್ರಪ್ಪ ಅವಳ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕ.

"ಯಾವ ಕಾರ್ಖಾನಿರೀ? ಅವರಜ್ಜ ಬಳ್ಳಾರಿ ಬ್ರೂಸ್‌ಪ್ಯಾಟಿಯಾಗ ಸೀರಿ ಅರಿವಿ ಮಾರ್ತಿದ್ದ! ನಿಮ್ಮನ್ನ ಚಲೋ ಆಡ್ಸ್ಯಾನ ಬಿಡ್ರಿ!"

ಜಲ್ಲಿ ಹೊರುತ್ತಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಎರ್ರಿಸ್ವಾಮಿ ಬಂದು ನಿಂತ.

"ಖರೇನಾ?" ಎಂದಳು.

ಅಷ್ಟು ಜನರೆದುರು ಅವನು ನೀರಿನ ಕೊಡ ಕೆಳಗಿಟ್ಟು ತಲೆ ತಗ್ಗಿಸಿದ.

"ನಾ ನಿಮಗೇನು ಅನ್ಯಾಯ ಮಾಡಿದ್ದೆ? ನನ್ನ ಹೆಸ್ರು ಹೋತು... ಇನ್ನ ನನಗ ಮುಖ ತೋರ್ಸಬ್ಯಾಡ್ರಿ!"

ಅವಳು ಹಿಂದಿರುಗಿ ನೋಡದೆ ನಡೆದಳು. ದಿನಗಳು ಉರುಳಿದವು. ಮೈಯ ದಣಿವಿಗೆ ಈಗ ಮನಸ್ಸಿನ ದಣಿವೂ ಸೇರಿತು.

ಒಂದು ಮಧ್ಯಾಹ್ನ ಶಾಲೆಯಲ್ಲಿ ಯಾರೋ ತಂದ ಪತ್ರಿಕೆಯಲ್ಲಿ ತನ್ನದೇ ಕಂತು ಕಣ್ಣಿಗೆ ಬಿತ್ತು. ಓದುತ್ತಾ ಓದುತ್ತಾ ಅವಳ ಬೆರಳು ಮೂರು ಕಡೆ ನಿಂತಿತು.

ನೀರು... ತೊಟ್ಟಿಲು... ಅಡುಗೆ...

ಹಬೆಯೂರಿನ ಒಂದೊಂದು ಯಂತ್ರವೂ ಅವಳ ಒಂದೊಂದು ಭಾರವನ್ನು ಇಳಿಸಲು ಹುಟ್ಟಿತ್ತು! ತನ್ನ ದಣಿವನ್ನು ಬೇರೆ ಯಾರು ಇಷ್ಟು ಸನಿಹದಿಂದ ನೋಡಿದ್ದರು?

ಅಂದೇ ಸಂಪಾದಕರಿಗೆ ನಿಜವನ್ನು ಬರೆದು ಅಂಚೆಗೆ ಹಾಕಿ ರಸ್ತೆಗೆ ಓಡಿದಳು. ಅಲ್ಲಿ ಹೊಸ ಡೀಸೆಲ್ ರೋಲರ್ ಗುಡುಗುತ್ತಿತ್ತು.

ಜಲ್ಲಿ ಹೊರುವ ಉಚ್ಚೆಂಗೆಮ್ಮ ಬುಟ್ಟಿ ಇಳಿಸಿದಳು. "ಅವ ಹೊಂಟನವ್ವಾ, ಗಾಡಿ ಸಮೇತ ಬಳ್ಳಾರಿಗೆ. ಇನ್ನ ಬರಂಗಿಲ್ಲ."

ಚನ್ನವೀರಮ್ಮ ಜಲ್ಲಿಯ ರಾಶಿಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳತೀಯೇನ ಹುಚ್ಚಿ! ಅದೇನು ರೈಲೇನು? ಈಗಿನ್ನ ಊರು ದಾಟೈತಿ. ನಡಕೊಂತ ಹೋದ್ರೂ ಸಿಗತೈತಿ, ಏಳ!"

ಸಿಕ್ಕಿತು. ಕಾಲುವೆಯ ಸೇತುವೆಯಾಚೆ ರೋಲರ್ ನಿಧಾನವಾಗಿ ಉರುಳುತ್ತಿತ್ತು. ಏದುಸಿರು ಬಿಡುತ್ತಾ ಅವಳು ಅದರ ಪಕ್ಕಕ್ಕೆ ಬಂದಳು. ಅವನು ಗಾಡಿ ನಿಲ್ಲಿಸಿ ಕೆಳಗಿಳಿದ, ತಲೆ ಎತ್ತಲಿಲ್ಲ.

"ಅಜ್ಜನ ನೆನಪು ಸುಳ್ಳು ಅಂತ ಸಂಪಾದಕರಿಗೆ ಬರದು ಹಾಕೀನಿ," ಎಂದಳು. "ಕಥಿ ನಿಲ್ಲಿಸಿದ್ರೂ ನಿಲ್ಲಿಸ್ಬೋದು."

"ನನ್ನಿಂದ ಹಿಂಗಾತು... ಅಲ್ಲಾ, ಮತ್ತ ಹೇಳಿದೋರು ಯಾರು ಅಂತ ಬರದ್ರಿ?"

"ನನ್ನ ದಣಿವು ನೋಡಿದ ಒಬ್ಬರು ಅಂತ."

ಆಗ ಅವನು ತಲೆ ಎತ್ತಿದ. "ಗೊತ್ತಿಲ್ಲ ಅಂದಿದ್ರ ನೀವು ಮರುದಿನ ಬರ್ತಿದ್ದಿಲ್ಲ. ಅದಕ್ಕ ದಿನಾ ಒಂದು ಕಟ್ಟಿ ಹೇಳ್ದೆ. ನಿಮ್ಮನ್ನ ಆಡ್ಸಾಕಲ್ರೀ... ನೀವು ನಗೋದು ನೋಡಾಕ."

ಬಾಯ್ಲರಿನ ಕಾವು ಇಬ್ಬರ ಮುಖಕ್ಕೂ ತಾಕುತ್ತಿತ್ತು. ಅವಳು ಸೆರಗಿನ ತುದಿಯಿಂದ ಅವನ ಕೆನ್ನೆಯ ಮಸಿಯನ್ನು ಒರೆಸಿದಳು.

"ಮುಂದ ನನಗೊಬ್ಬಾಕಿಗೆ ಕಟ್ಟಾಕ ಆಗಂಗಿಲ್ರೀ," ಎಂದಳು ಮೆಲ್ಲಗೆ. "ಕಥಿನೂ... ಬಾಳೇವೂ..."

"ಐತವಾರ ನಮ್ಮವ್ವನ್ನ ಕರಕೊಂಡು ನಿಮ್ಮಣ್ಣನ ಮನಿಗೆ ಬರ್ಲ್ಯಾ?"

"ಬರ್ರಿ. ಆದ್ರ ಈ ಗಾಡಿ ಮ್ಯಾಲೆ ಮಾತ್ರ ಬರಬ್ಯಾಡ್ರಿ."

"ಯಾಕ್ರೀ?"

"ಬಸ್ಸು ಹತ್ತಿ ಬರ್ರಿ. ನನಗ ಅಷ್ಟೊತ್ತು ಕಾಯಾಕ ಆಗಂಗಿಲ್ಲ!"