ಸೊಟ್ಟಗೆ ಕೂಡಿದ ಪಕ್ಕೆಲುಬು

"ಮೆಷಿನ್ ಸರ್ವಿಸ್‌ಗೆ ಬಂದಿದ್ದೀನಿ."

ದನಿ ಕೇಳಿದ್ದೇ ಅವಳು ತಟ್ಟನೆ ತಿರುಗಿದಳು. ಸ್ಕ್ಯಾನಿಂಗ್ ರೂಮಿನ ಬಾಗಿಲಲ್ಲಿ ಅವನೇ... ಮದುವೆ ಗೊತ್ತಾದ ಮೇಲೆ ಅವಳು ತೊಡಿಸಿದ್ದ ಉಂಗುರವನ್ನು ತಮ್ಮನ ಕೈಯಲ್ಲಿ ವಾಪಸ್ ಕಳಿಸಿ ತಲೆಮರೆಸಿಕೊಂಡ ಮಹಾರಾಯ!

"ಬನ್ನಿ ಸರ್," ಎಂದಳು. ಆ 'ಸರ್' ಅವನಿಗೆ ಚೆನ್ನಾಗಿಯೇ ನಾಟಿತು.

"ಹಳೇ ಟೆಸ್ಟ್ ಸ್ಕ್ಯಾನ್ ಅಳಿಸಬೇಕು. ನಾನೇ ಮಾಡ್ತೀನಿ, ನೀವು ಕಾಫಿ ಕುಡಿದು ಬನ್ನಿ."

ಇಷ್ಟೊಂದು ಉಪಚಾರ ಯಾಕೋ? ಅವಳಿಗೆ ಅನುಮಾನ ಬಂತು.

ಮುಂದೆಂದೋ ಬರಬಹುದಾದ ಹೃದಯದ ತೊಂದರೆಯನ್ನು ಇಂದೇ ಹೇಳುವ ಮೆಷಿನ್ ಅದು. ಅದನ್ನು ಕೂರಿಸಿದ ದಿನ ಪರೀಕ್ಷೆಗೆಂದು ಕಂಪನಿಯವರಲ್ಲೊಬ್ಬರು ಒಳಗೆ ಮಲಗುವುದು ವಾಡಿಕೆ. ಆ ಚಿತ್ರಕ್ಕೆ ಹೆಸರು ಹಾಕುವುದಿಲ್ಲ. ಅಂದು ಅವಳು ರಜೆಯಲ್ಲಿದ್ದಳು. ಈಗ ಅವನೆದುರೇ ಅದನ್ನು ತೆರೆದಳು.

ಎಡಗಡೆಯ ಒಂದು ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡಿತ್ತು. ಅವಳ ಸ್ಕೂಟರಿನ ಹಿಂದೆ ಕೂತಿದ್ದಾಗ ಬಿದ್ದು ಅವನು ಮುರಿದುಕೊಂಡಿದ್ದು! ಕೆಳಗೆ ಕೆಂಪು ಅಕ್ಷರ: ಹೃದಯ ದೊಡ್ಡದಾಗುತ್ತಿದೆ, ಕೆಲವೇ ವರ್ಷಗಳಲ್ಲಿ ಸೋಲುವ ಸಂಭವ ಹೆಚ್ಚು.

ಬೇರೆ ಯಾರೋ ಸಿಕ್ಕಿರಬೇಕೆಂದು ಅವನಿಗೆ ಹಾಕಿದ ಶಾಪವೆಲ್ಲ ಅವಳಿಗೆ ನೆನಪಾಯಿತು.

"ಇದಕ್ಕಾ... ಬೇಡ ಅಂದಿದ್ದು?"

"ಅಪ್ಪನೂ ಹೀಗೇ ಹೋದ್ರು. ಆಮೇಲೆ ಅಮ್ಮ ಹೇಗೆ ಬದುಕಿದ್ಲು ಅಂತ ನೋಡಿದ್ದೀನಿ. ನಿನಗೆ ಆ ಪಾಡು ಬೇಡ."

"ನನಗೇನು ಬೇಕು ಅಂತ ಒಂದು ಮಾತು ಕೇಳಿದ್ಯಾ? ಹೋಗಲಿ, ಡಾಕ್ಟರಿಗಾದ್ರೂ ತೋರಿಸಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹೋಗಿ ಮಲಗು."

ಗಾಜಿನ ಈಚೆ ಕೂತು, ದಿನವೂ ಎಲ್ಲರಿಗೂ ಹೇಳುವುದನ್ನೇ ಮೈಕಿನಲ್ಲಿ ಹೇಳಿದಳು. "ಉಸಿರು ಹಿಡ್ಕೋ... ಬಿಡು." ದೇವರೇ, ಕಡಿಮೆಯಾಗಿರಲಿ...

ಆಗಿರಲಿಲ್ಲ. ಹೃದಯ ಇನ್ನಷ್ಟು ದೊಡ್ಡದಾಗಿತ್ತು.

"ಹೇಗಿದೆ?" ಹೊರಗೆ ಬಂದವನು ಕೇಳಿದ.

ರೋಗಿಗಳಿಗೆಲ್ಲ 'ಡಾಕ್ಟರು ಹೇಳ್ತಾರೆ' ಎಂದು ಜಾರಿಕೊಳ್ಳುವವಳು ಇವನಿಂದ ಮುಚ್ಚಿಡಲಿಲ್ಲ. "ಹೆಚ್ಚಾಗಿದೆ."

"ಈಗಲಾದ್ರೂ ನನ್ನ ಬಿಟ್ಟುಬಿಡು."

"ಡಾಕ್ಟರು ಹೊರಡೋ ಮುಂಚೆ ಹೋಗ್ಬೇಕು. ಬೇಗ ಶೂ ಹಾಕ್ಕೋ."

ಒಳಗೆ ಹೋಗುವ ಮುನ್ನ ಅವನು ಬಿಚ್ಚಿಟ್ಟ ವಾಚು, ಬೆಲ್ಟು, ಕೀ ಬಾಗಿಲ ಬಳಿಯ ಟ್ರೇಯಲ್ಲಿದ್ದವು. ಅವುಗಳ ಜೊತೆಗೆ ಅವಳು ತನ್ನ ಪರ್ಸಿನಿಂದ ಆ ಉಂಗುರ ತೆಗೆದಿಟ್ಟಳು.

ಅವನ ಕಣ್ಣು ತುಂಬಿತು. "ಇದು..."

"ಅವತ್ತು ಸ್ಕ್ಯಾನಿಗೆ ಅಂತ ಬಿಚ್ಚಿದ್ದು, ಮತ್ತೆ ಹಾಕ್ಕೊಳ್ಳಲೇ ಇಲ್ಲ ನೀನು. ಇಲ್ಲಿಗೆ ಬಂದವರು ತಮ್ಮ ವಸ್ತು ಬಿಟ್ಟು ಹೋಗೋ ಹಾಗಿಲ್ಲ."

"ಎಷ್ಟು ದಿನ ಇರ್ತೀನೋ ಗೊತ್ತಿಲ್ಲ ಕಣೇ..."

"ಇರೋಷ್ಟು ದಿನ ನನ್ನವು. ಕೈ ಚಾಚು."