ಇಬ್ಬರಿಗೂ ಒಂದೇ ಕ್ಯಾಪ್ಸೂಲ್

"ಅಲ್ಲೇ ಇರು ಚಿಕ್ಕಮ್ಮ, ಹತ್ತಿರ ಬರ್ಬೇಡ!"

ಬಟಾಣಿ ಬಾಗಿಲಿಗೆ ಬೆನ್ನು ಒತ್ತಿಕೊಂಡು ನಿಂತಳು. ಇಸ್ಪೀಟ್ ಎಲೆ ಹಂಚಲು ಹೊರಟಿದ್ದ ಚಿಕ್ಕಮ್ಮನ ಕೈ ಹಾಗೇ ನಿಂತಿತು.

"ನಿನ್ನೆಯೂ ಆಟಕ್ಕೆ ಬರಲಿಲ್ಲ. ಸೋಲೋ ಭಯಾನಾ?"

"ಹೋಮ್‌ವರ್ಕ್ ಇದೆ," ಎಂದವಳೇ ಬಟಾಣಿ ಕಾಲ್ಕಿತ್ತಳು. ತಿರುಗಿ ನೋಡಿದರೆ, ಚಿಕ್ಕಮ್ಮ ತಲೆಯ ಸ್ಕಾರ್ಫನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದಳು.

ಚಿಕ್ಕಮ್ಮ ಈಜು ಕಲಿಸುವ ಟೀಚರ್. ಕ್ಯಾನ್ಸರ್ ಬಂದ ಮೇಲೆ ಅಕ್ಕನ ಮನೆಗೆ, ಅಂದರೆ ಬಟಾಣಿಯ ಮನೆಗೆ ಬಂದಿದ್ದಳು. ಆಸ್ಪತ್ರೆಯ ಔಷಧಿಯಿಂದ ಕೂದಲು ಉದುರಿತು ಎಂದು ಅಮ್ಮ ಹೇಳಿದ್ದಳು. ಬಟಾಣಿ ಅದನ್ನು ನಂಬಿದ್ದಳು, ಮೊನ್ನೆಯವರೆಗೆ.

ಮೊನ್ನೆ ಚಿಕ್ಕಮ್ಮನಿಗೆ ನೀರು ಕೊಡಲು ಹೋದಾಗ ಮೇಜಿನ ಮೇಲೆ ಕ್ಯಾಪ್ಸೂಲ್ ಕಂಡವು. ಅರ್ಧ ನೀಲಿ, ಅರ್ಧ ಗುಲಾಬಿ. ಮೇಲೆ ಬರೆದಿದ್ದ ಹೆಸರೂ ಗುರುತಿನದೇ. ಅದು ಬಟಾಣಿ ನುಂಗುತ್ತಿದ್ದ ಕ್ಯಾಪ್ಸೂಲೇ!

ರಜೆಯಲ್ಲಿ ಬಟಾಣಿಯ ತಲೆಗೆ ಹುಳುಕಡ್ಡಿಯಾಗಿ, ಕಿವಿಯ ಹಿಂದೆ ದುಂಡಗೆ ಕೂದಲು ಉದುರಿತ್ತು. "ಇದು ಫಂಗಸ್, ಅಂಟುತ್ತೆ. ನಿನ್ನ ಬಾಚಣಿಗೆ, ಟವೆಲ್ ಯಾರಿಗೂ ಕೊಡಬೇಡ," ಎಂದು ಡಾಕ್ಟರ್ ಇದೇ ಕ್ಯಾಪ್ಸೂಲ್ ಕೊಟ್ಟಿದ್ದರು. ಆದರೂ ಅವಳು ದಿನಾ ಚಿಕ್ಕಮ್ಮನ ದಿಂಬಿನ ಮೇಲೇ ಉರುಳಾಡಿದ್ದಳು.

ನನಗೆ ಒಂದೇ ಕಡೆ. ಪಾಪ, ಚಿಕ್ಕಮ್ಮನಿಗೆ ಇಡೀ ತಲೆಗೆ!

ಸಂಜೆ ಅಮ್ಮ ಬಟ್ಟೆ ಮಡಚುತ್ತಾ ಮೆಲ್ಲಗೆ ಹೇಳಿದಳು. "ಚಿಕ್ಕಮ್ಮ ಅಳ್ತಿದ್ಲು ಕಣೇ. ನನ್ನ ಬೋಳು ತಲೆ ನೋಡಿ ಮಗು ಹೆದರ್ಕೊಂಡಿದೆ ಅಂತಾಳೆ."

ಬಟಾಣಿ ಎದ್ದು ಚಿಕ್ಕಮ್ಮನ ಕೋಣೆಗೆ ಓಡಿದಳು.

"ನಿನ್ನ ತಲೆಗೆ ನಾನು ಹೆದರಿಲ್ಲ! ನನ್ನ ಹುಳುಕಡ್ಡೀನೇ ನಿಂಗೆ ಅಂಟಿದ್ದು. ಮತ್ತೆ ಅಂಟಬಾರದು ಅಂತ..." ಮಾತು ಅಳುವಾಯಿತು.

ಚಿಕ್ಕಮ್ಮ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಕೆಮ್ಮು ಬರುವಷ್ಟು ನಕ್ಕಳು.

"ಬಾ ಇಲ್ಲಿ, ಪೆದ್ದು ಬಟಾಣಿ. ನಿನ್ನದು ವಾಸಿಯಾಗಿ ಎಷ್ಟು ಕಾಲ ಆಯ್ತು! ನನಗೇನೂ ಅಂಟಿಲ್ಲ."

"ಮತ್ತೆ ಫಂಗಸ್ ಕ್ಯಾಪ್ಸೂಲ್ ಯಾಕೆ?"

"ಕ್ಯಾನ್ಸರ್ ಗೆಡ್ಡೆ ಬೆಳೆಯೋಕೆ ರಕ್ತ ಬೇಕಲ್ಲ? ಅದು ಹೊಸ ಹೊಸ ರಕ್ತನಾಳ ಮಾಡ್ಕೊಳ್ಳುತ್ತೆ. ಈ ಕ್ಯಾಪ್ಸೂಲ್ ಅದಕ್ಕೆ ಅಡ್ಡಗಾಲು ಹಾಕಬಹುದು ಅಂತ ಡಾಕ್ಟರಿಗೆ ಅನ್ಸಿದೆ. ಬೇರೆ ಔಷಧಿ ಜೊತೆ ಇದನ್ನೂ ಕೊಟ್ಟು ಪರೀಕ್ಷೆ ಮಾಡ್ತಿದ್ದಾರೆ. ನಾನೂ ಒಪ್ಪಿದೆ."

ಬಟಾಣಿ ಮೂಗು ಒರೆಸಿಕೊಂಡು ಯೋಚಿಸಿದಳು. "ಅಮ್ಮ ನಿನ್ನ ಈಜು ಕನ್ನಡಕ ಹಾಕ್ಕೊಂಡು ಈರುಳ್ಳಿ ಹೆಚ್ತಾಳಲ್ಲ, ಹಾಗಾ?"

"ಹಾಗೇ! ಮಾಡಿದ್ದು ಒಂದಕ್ಕೆ, ಬಳಸೋದು ಇನ್ನೊಂದಕ್ಕೆ."

"ಹಾಗಾದ್ರೆ ನಂದೆರಡು ಉಳಿದಿವೆ. ಅದನ್ನೂ ತಗೋ. ಬೇಗ ವಾಸಿಯಾಗ್ತೀಯ."

"ಅಯ್ಯೋ, ಡಾಕ್ಟರ್ ಹೇಳಿದಷ್ಟೇ ತಗೋಬೇಕು ಕಂದಾ. ಜಾಸ್ತಿ ಆದ್ರೆ ತೊಂದ್ರೆ."

"ಇದ್ರಿಂದ ಖಂಡಿತ ವಾಸಿಯಾಗುತ್ತಾ?"

ನೀರಿನಲ್ಲಿ ಉಸಿರು ಹಿಡಿಯುವುದು ಹೇಗೆ, ಮುಳುಗುವವರನ್ನು ಎಳೆಯುವುದು ಹೇಗೆ, ಚಿಕ್ಕಮ್ಮನಿಗೆ ಎಲ್ಲ ಗೊತ್ತು. ಈಗ ಅವಳು ಕಿಟಕಿಯ ಕಡೆ ನೋಡಿದಳು.

"ಗೊತ್ತಿಲ್ಲ ಕಣೇ. ಡಾಕ್ಟರಿಗೂ ಇನ್ನೂ ಗೊತ್ತಿಲ್ಲ."

ಬಟಾಣಿ ಚಪ್ಪಲಿ ಬಿಟ್ಟು ಮಂಚ ಹತ್ತಿ, ಹೊದಿಕೆಯೊಳಗೆ ನುಸುಳಿ, ಚಿಕ್ಕಮ್ಮನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿದಳು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನಿಗೆ ಅವಳ ತೋಳಿನ ಮೇಲೇ ನಿದ್ದೆ ಹತ್ತಿತು.

"ಬಟಾಣಿ, ಊಟಕ್ಕೆ ಬಾ!" ಅಡುಗೆಮನೆಯಿಂದ ಅಮ್ಮ ಕೂಗಿದಳು.

ಚಿಕ್ಕಮ್ಮನ ಭಾರಕ್ಕೆ ಬಟಾಣಿಯ ಕೈ ಜೋಮು ಹಿಡಿದಿತ್ತು. ಹೊಟ್ಟೆಯೂ ಚುರುಗುಡುತ್ತಿತ್ತು. ಆದರೂ ಅವಳು ಕೈ ತೆಗೆಯಲಿಲ್ಲ.