ಇನ್ನಷ್ಟು ಹೇಳಿ

ಇದು ೧೯೭೪ರಲ್ಲಿ ಬೊಂಬಾಯಿಯ ಬಾಂದ್ರಾದ ನಮ್ಮ ಆಫೀಸಿನಲ್ಲಿ ನಡೆದದ್ದು, ನಾನೇ ಕಂಡದ್ದು. ಸಹೋದ್ಯೋಗಿ ತಿರುಮಲೇಶ ಅಲ್ಲಿನ ಕಂಪ್ಯೂಟರಿಗೆ ಹರಟೆ ಕಲಿಸಿದ್ದ.

“ಥೇಟ್ ಮನುಷ್ಯರ ಥರಾನೇ ಮಾತಾಡುತ್ತೆ ನೋಡಿ, ಅಲಮೇಲು,” ಎಂದು ನನ್ನನ್ನು ಅದರ ಮುಂದೆ ಕೂರಿಸಿದ.

ಇಂಗ್ಲಿಷ್ ಅಕ್ಷರಗಳಲ್ಲಿ ‘ತಲೆನೋವು’ ಎಂದು ಟೈಪ್ ಮಾಡಿದೆ. ಬೆಳಗಿನಿಂದ ಇತ್ತು ಕೂಡ. ‘ತಲೆನೋವಿನ ಬಗ್ಗೆ ಇನ್ನಷ್ಟು ಹೇಳಿ’ ಎಂದು ತಕ್ಷಣ ಕಾಗದದ ಮೇಲೆ ಅಚ್ಚಾಯಿತು.

“ಇದ್ಯಾವ ಸೀಮೆ ಮಾತು ರೀ? ಲೋಕಲ್ ಟ್ರೇನ್‌ನಲ್ಲಿ ತಲೆನೋವು ಅಂದ್ರೆ ನಾಲ್ಕು ಹೆಂಗಸರು ತಮ್ಮ ತಲೆನೋವು ಶುರು ಮಾಡ್ತಾರೆ. ಇನ್ನಷ್ಟು ಹೇಳಿ ಅನ್ನೋ ಮನುಷ್ಯರನ್ನ ನಾನಂತೂ ಕಂಡಿಲ್ಲ. ನಿಮ್ಮ ಪೆಟ್ಟಿಗೆಗೆ ತಲೆಯೇ ಇಲ್ಲ, ನೋವೆಲ್ಲಿಂದ ಬರಬೇಕು?”

ಅವನ ಮುಖ ಸಣ್ಣದಾಯಿತು. ಹಂಗಿಸಲೆಂದೇ ಮತ್ತೆ ‘ತಲೆನೋವು’ ಎಂದು ಒತ್ತಿದೆ. ಈ ಸಲ ಯಂತ್ರ ಸುಮ್ಮನಿತ್ತು. ಕೀಲಿಗಳು ಬೆರಳಿಗೆ ತಣ್ಣಗೆ ಕೊರೆದವು. ಆಮೇಲೆ ಒಂದೊಂದೇ ಅಕ್ಷರ ಬಿತ್ತು: ‘ನನಗೂ. ಎಡಗಡೆ.’

‘ನನಗೂ’ ಎಂಬ ಪದವನ್ನೇ ತಾನು ಪ್ರೋಗ್ರಾಮಿನಲ್ಲಿ ಹಾಕಿಲ್ಲವೆಂದು ತಿರುಮಲೇಶ ಆಣೆ ಮಾಡಿದ.

ನನಗೆ ನೋಯುತ್ತಿದ್ದದ್ದೂ ಎಡಗಡೆಯೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.